ಬಾಣಂತಿ ಅಳಬಾರದಂತೆ

ಅಮ್ಮಾ,

ನೀನು ಮಗುವನ್ನು ಮೀಯಿಸ್ತಾ ಇದ್ದಿ, ಎರಡು ಸಲ ಕರೆದರೂ ಕೇಳಲಿಲ್ಲ. ನಿನ್ನ ಅಳಿಯನ ಜತೆ ಮಾಂಬಲಂ ಸ್ಟೇಷನ್ ಹತ್ತಿರದ ಡಾಕ್ಟರಲ್ಲಿಗೆ ಹೋಗಿ ಬರ್ತೇನೆ. ಆಟೋದಲ್ಲೇ. ಕಿವಿಗೆ ಹತ್ತಿ ಇಟ್ಟಿದ್ದೇನೆ, ಗಾಬರಿ ಬೇಡ.

ಹಿಂಡಿಟ್ಟ ಹಾಲು ಫ್ರಿಜ್ಜಿನಲ್ಲಿ ಉಂಟು. ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡು, ಗ್ಯಾಸ್ ಮೇಲೆ ಇಡಬೇಡ. ಖಾಲಿ ವಾಟರ್ ಕ್ಯಾನ್ ಬಾಗಿಲ ಹೊರಗೆ ಇಟ್ಟಿದ್ದೇನೆ.

ತೊಟ್ಟಿಲಿಗೆ ಕಟ್ಟಿದ್ದ ನಿನ್ನ ಹಳೇ ಸೀರೆ ಬಿಚ್ಚಿ ನನ್ನದು ಕಟ್ಟಿದ್ದೇನೆ. ಬದಲಾಯಿಸಬೇಡ. ನಿನ್ನ ಹೆಗಲಿಗೆ ಬಂದ ಕೂಡಲೇ ಸುಮ್ಮನಾಗ್ತಾಳೆ, ನಾನು ಎತ್ತಿಕೊಂಡರೆ ಚೀರ್ತಾಳೆ. ನನ್ನ ವಾಸನೆಯೂ ಸ್ವಲ್ಪ ಅಭ್ಯಾಸವಾಗಲಿ.

ಹೊಟ್ಟೆಕಿಚ್ಚು ಅಂತ ನಗಬೇಡ. ಹೌದು, ಹೊಟ್ಟೆಕಿಚ್ಚೇ. ಅವಳು ಕುಂಯ್ ಅಂದರೆ ಸಾಕು, ಉಕ್ಕುವ ಹಾಲು ಬಿಟ್ಟು ಓಡ್ತಿ. ನಾನು ಅತ್ತರೆ ‘ಬಾಣಂತಿ ಅಳಬಾರದು, ಕಣ್ಣಿಗೆ ಆಗುವುದಿಲ್ಲ’ ಅಂತ ಹೇಳಿ ಮತ್ತೆ ಅವಳನ್ನೇ ಎತ್ತಿಕೊಳ್ತಿ.

ಹೊಲಿಗೆ ತೋರಿಸಲಿಕ್ಕೆ ಅಂತ ನಿನ್ನೆ ನಿನಗೆ ಹೇಳಿದ್ದು ಸುಳ್ಳು. ಕಾರಣವೇ ಇಲ್ಲದೆ ದಿನವಿಡೀ ಅಳು ಬರ್ತದೆ ಅಂತ ಡಾಕ್ಟರಿಗೆ ಹೇಳಲಿಕ್ಕೆ ಹೋಗ್ತಾ ಇದ್ದೇನೆ.

ಬಂದ ಮೇಲೆ ಮಗುವನ್ನು ಸ್ವಲ್ಪ ಹೊತ್ತು ಅವಳಪ್ಪ ನೋಡಿಕೊಳ್ಳಲಿ. ನೀನು ನನ್ನ ಹತ್ತಿರ ಕೂತ್ಕೋ.

ನಿನ್ನ ಸೀರೆ ಹುಡುಕಬೇಡ, ನನ್ನ ದಿಂಬಿನ ಕೆಳಗೆ ಉಂಟು. ಒಗೆಯಬೇಡ.

ಪ್ರಣಮ್ಯಾ