ಗುನುಗಿದ ಸಾಲು

ಇವಳೇ,

ಇದನ್ನು ಕಳಿಸುವುದಿಲ್ಲ, ಹಾಗಾಗಿ ನಿಜ ಬರೆಯಬಹುದು. ನೀನು ಬಿಟ್ಟುಹೋದ ಮೇಲೆ ಕಟ್ಟಿದ ಹಾಡನ್ನು ಇವತ್ತು ರೆಕಾರ್ಡ್ ಮಾಡಿದೆ. ಬ್ಯಾಂಡಿಲ್ಲ, ಡ್ರಮ್ಸಿಲ್ಲ, ಒಂದೇ ಗಿಟಾರು. ವೇದಿಕೆಯ ಮೇಲೆ ಗಂಟಲು ಹರಿಯುವಂತೆ ಅರಚುವ ನಾನು ಮೆಲ್ಲಗೆ ಹಾಡಿದೆನೆಂದರೆ ನೀನು ನಂಬಲಾರೆ.

'ಒಂದು ಮಾತೂ ಹೇಳದೆ ಹೋದೆ' ಎಂಬ ಸಾಲು ಬಂದಾಗಲೆಲ್ಲ ಹಾಡು ನಿಲ್ಲಿಸಿಬಿಟ್ಟೆ. ನೀನು ಹೇಳಿದ್ದೆ. ಚೀಲ ಹಿಡಿದು ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದ್ದೆ. ನಾನು ಹೆಡ್‌ಫೋನ್ ತೆಗೆಯದೆ, ತಾಳು ಎಂದು ಕೈಸನ್ನೆ ಮಾಡಿದ್ದೆ.

ನಾಲ್ಕನೆಯ ಸಲ ಆ ಸಾಲನ್ನು ಬರೀ ಗುನುಗಿಬಿಟ್ಟೆ. ಗಾಜಿನಾಚೆಯಿಂದ ರೆಕಾರ್ಡಿಂಗ್ ಮಾಡುವವನು, "ಹೀಗೇ ಇರ್ಲಿ ಸಾರ್, ಮಾತೇ ಬೇಡ, ನೋವು ಗೊತ್ತಾಗುತ್ತೆ. ಕೇಳಿದೋರೆಲ್ಲ ಅವಳನ್ನೇ ಬೈತಾರೆ, ನೋಡ್ತಿರಿ" ಎಂದ.

ನಾನು ಹೆಡ್‌ಫೋನ್ ತೆಗೆಯದೆ, ಸರಿ ಎಂದು ಕೈಸನ್ನೆ ಮಾಡಿದೆ.