ಬಾಗಿಲಿಲ್ಲದ ಮನೆಯ ಚಿತ್ರ

ನನ್ನ ಅತ್ತಿಗೆಗೆ, ಪಾರ್ಲೆಯಿಂದ ಗಿರಿಜೆಯ ನಮಸ್ಕಾರಗಳು.

ನೀವು ಹೋಗಿ ಒಂದು ಮಳೆಗಾಲ ಕಳೆಯಿತು. ಅಣ್ಣ ಹೋಟೆಲಿನ ಗಲ್ಲಾದಲ್ಲಿ ಕೂತು ಮೊದಲಿನ ಹಾಗೆಯೇ ಗಿರಾಕಿಗಳೊಡನೆ ಜಗಳ ಕಾಯುತ್ತಾನೆ. ನಾನು ಶಾಲೆಯ ಮೆಟ್ಟಿಲು ಹತ್ತದೆ, ಅವನ ಹೋಟೆಲಿಗೆ ಬರುವ ಪೇಪರು ಓದಿ ಓದಿ ಅಕ್ಷರ ಕಲಿತವಳು. ತಪ್ಪಿದ್ದರೆ ಎಂದಿನಂತೆ ತಿದ್ದಿಕೊಳ್ಳಿ.

ನಿಮ್ಮ ಮುನಿಸಿಪಲ್ ಕನ್ನಡ ಶಾಲೆಯ ಹೆಡ್‌ಮಾಸ್ತರರು ಶುಕ್ರವಾರದ ಚಿತ್ರದ ಪೀರಿಯಡ್ ತೆಗೆದುಹಾಕಬೇಕೆಂದು ಹಟ ಹಿಡಿದ ದಿನ ನೆನಪಿದೆಯೇ? ನಿಮ್ಮ ಊಟದ ಡಬ್ಬಿ ತಂದು ನಾನು ಅಲ್ಲೇ ನಿಂತಿದ್ದೆ.

“ಚಿತ್ರ ಬಿಡಿಸಿದ್ರೆ ಹೊಟ್ಟೆ ತುಂಬ್ತದಾ ಟೀಚರ್? ಆ ಹೊತ್ತಿಗೆ ಲೆಕ್ಕ ಹೇಳಿಕೊಡಿ.”

“ಲೆಕ್ಕ ಯಾರಿಗೆ ಹೇಳೋದು ಮಾಸ್ತ್ರೇ, ಬೆಂಚಿಗಾ? ಬಿಲ್ಡಿಂಗ್ ಕೆಲಸದವರ ಮಕ್ಕಳು ಶಾಲೆಗೆ ಬರೋದೇ ಶುಕ್ರವಾರ.”

“ಆಯ್ತು, ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ಲಿ. ಅವರು ಬೇಡ ಅಂದ್ರೆ ಬೇಡ.”

ಬಣ್ಣ ಕೊಡಿಸುವವರು ಯಾರಿದ್ದರು? ಮಕ್ಕಳೇ ಕೆಲಸದ ಜಾಗದಿಂದ ಇಟ್ಟಿಗೆ ಪುಡಿ, ಸುಣ್ಣ ತಂದರು. ಹೋಟೆಲಿನ ಒಲೆಯಿಂದ ಇದ್ದಿಲು ನಾನು ತಂದೆ. ವಿಜಾಪುರದ ಕಡೆಯ ದ್ಯಾಮವ್ವ, ಹಾಜರಿ ಕರೆದರೂ ಬಾಯಿ ಬಿಡದ ಹುಡುಗಿ, ಅದರಲ್ಲೇ ತನ್ನ ಮನೆ ಬಿಡಿಸಿದಳು. ಕಟ್ಟುತ್ತಿರುವ ಮಹಡಿಗಳು, ಸುತ್ತ ಬಿದಿರು, ಮೂರು ಕಲ್ಲಿನ ಒಲೆ, ಸೀರೆಯ ತೊಟ್ಟಿಲು. ಬಾಗಿಲಿಲ್ಲ, ಕಿಟಕಿಯಿಲ್ಲ. “ಸಾಹೇಬ್ರು ಬರೋ ಮೊದಲು ಇದಕ್ಕೊಂದು ಬಾಗಿಲು ಹಾಕಿಸಿ, ಶಾಲೆ ಮರ್ಯಾದೆ ಉಳೀಲಿ” ಎಂದರು ಹೆಡ್‌ಮಾಸ್ತರರು. ನೀವು ಒಪ್ಪಲಿಲ್ಲ. “ಅವಳ ಮನೆ ಅವಳಿಗೆ ಗೊತ್ತು” ಎಂದಿರಿ. ಪೀರಿಯಡ್ಡೇ ಹೋಗುವ ಹೊತ್ತಿನಲ್ಲಿ ಆ ಧೈರ್ಯ ನಿಮಗೆ ಎಲ್ಲಿಂದ...

ಸಾಹೇಬರು ಬಂದ ದಿನ ಗೋಡೆಗೆ ಚಿತ್ರ ಅಂಟಿಸಲು ನನ್ನನ್ನೂ ಕರೆದೊಯ್ದಿದ್ದಿರಿ. ಅವರು ಸರಿಯಾಗಿ ಆ ಚಿತ್ರದ ಮುಂದೆಯೇ ನಿಂತರು.

“ಬಾಗಿಲು ಎಲ್ಲಿದೆಯಮ್ಮಾ?”

ಹೆಡ್‌ಮಾಸ್ತರರು ನಿಮ್ಮ ಕಡೆ ನೋಡಿದರು. ನೀವು ದ್ಯಾಮವ್ವನ ಕಡೆ ನೋಡಿದಿರಿ. ಅವಳು ಬಾಯಿ ಬಿಟ್ಟಳು.

“ಬಾಗಲಾ ಕುಂದ್ರಿಸಿದ ಮ್ಯಾಲ ನಾವು ಅಲ್ಲಿ ಇರಂಗಿಲ್ರಿ. ಬ್ಯಾರೆ ಬಿಲ್ಡಿಂಗಿಗೆ ಹೋಗ್ತೀವ್ರಿ.”

ಸಾಹೇಬರು ಮಕ್ಕಳ ಬೆಂಚಿನಲ್ಲೇ ಕೂತುಬಿಟ್ಟರು. ಒಲೆ ಯಾವ ಮಹಡಿಯಲ್ಲಿ, ತೊಟ್ಟಿಲು ತೂಗುವವರು ಯಾರು, ಮಳೆ ಹೊಡೆದರೆ ಎಲ್ಲಿಗೆ ಸರಿಯುತ್ತಾರೆ. ಅವರು ಕೇಳುತ್ತ ಹೋದರು, ಅವಳು ಹೇಳುತ್ತ ಹೋದಳು. ಅಷ್ಟು ಮಾತು ಆ ಮಗುವಿನೊಳಗೆ ಇತ್ತೆಂದು ಯಾರಿಗೆ ಗೊತ್ತಿತ್ತು? ಮಗ್ಗಿ ಬಾಯಿಪಾಠ ಮಾಡಿಸಿದ್ದರೆ ಅದು ಹೊರಗೆ ಬರುತ್ತಿತ್ತೇ?

ಅವರು ಏನೂ ತೀರ್ಮಾನ ಹೇಳದೆ ಹೋದರು. ಉತ್ತರ ಬರುವ ಮೊದಲೇ ನಿಮ್ಮ ಜ್ವರ, ಆಸ್ಪತ್ರೆ, ಆಮೇಲೆ... ಅದನ್ನು ಬರೆಯಲಾರೆ.

ಈಗ ಕೇಳಿ. ಗೆದ್ದಿರಿ, ಅತ್ತಿಗೆ. ಸಾಹೇಬರ ಉತ್ತರ ಬಂತು, ಚಿತ್ರದ ಪೀರಿಯಡ್ ಉಳಿಯಿತು. ಒಂದನೆಯ ಕ್ಲಾಸಿಗೂ ಬಂತು. ಹೊಸ ಟೀಚರ್ ರಜೆ ಹಾಕಿದ ಶುಕ್ರವಾರ ಹೆಡ್‌ಮಾಸ್ತರರೇ ಬೋರ್ಡಿನ ಮೇಲೆ ಹಸು ಬರೆದರಂತೆ. ಮಕ್ಕಳು ಅದನ್ನು ನಾಯಿ ಎಂದರಂತೆ. “ಕೊಂಬು ಉಂಟಲ್ಲ ಗಿರಿಜಮ್ಮ, ನಾಯಿಗೆ ಕೊಂಬು ಇರ್ತದಾ?” ಎಂದು ನಮ್ಮ ಹೋಟೆಲಿಗೆ ಬಂದು ಚಾ ಕುಡಿಯುತ್ತ ನನ್ನಲ್ಲಿ ದೂರು ಹೇಳಿದರು.

ಇನ್ನೊಂದು ಸುದ್ದಿ ಇದಕ್ಕಿಂತ ದೊಡ್ಡದು. ಇಲ್ಲಿಯ ಬಿಲ್ಡಿಂಗ್ ಮುಗಿದು ದ್ಯಾಮವ್ವನ ಮನೆಯವರು ದಹಿಸರಕ್ಕೆ ಹೋದರು. ಅಲ್ಲಿಯ ಕನ್ನಡ ಶಾಲೆಯಲ್ಲಿ ಚಿತ್ರ ಕಲಿಸುತ್ತಿರಲಿಲ್ಲ. ಮೊದಲ ದಿನವೇ ಇವಳು ಎದ್ದು ನಿಂತು, “ಚಿತ್ರದ ತಾಸು ಯಾವತ್ತರೀ ಅಕ್ಕೋರ?” ಎಂದು ಟೀಚರನ್ನು ಕೇಳಿದಳಂತೆ. ಇಲ್ಲ ಎಂದರೆ ಮರುದಿನ ಮತ್ತೆ ಕೇಳಿದಳು. ಆಮೇಲೆ ಕೆಲಸದವರ ಮಕ್ಕಳೆಲ್ಲ ಕೇಳತೊಡಗಿದರು. ಇದನ್ನು ಹೇಳಲೆಂದೇ ಅವಳ ಅವ್ವ ಕಳೆದ ವಾರ ಲೋಕಲ್ ರೈಲು ಹಿಡಿದು ಬಂದಿದ್ದಳು. “ಕಾಡಿ ಬೇಡಿ ತಗೊಂಡಾಳ್ರಿ. ನಮ್ಮ ಅಕ್ಕೋರು ಇದನ್ನ ಕೇಳಬೇಕಿತ್ತು ನೋಡ್ರಿ” ಎಂದಳು.

ಕೇಳಿಸಿತೇ ಅತ್ತಿಗೆ? ದಹಿಸರದಲ್ಲಿ ಚಿತ್ರ ಈಗ ಪ್ರತಿ ಬುಧವಾರ.