ಗುರುವಾರದ ರೋಗಿ

ಚಿರಂಜೀವಿ ಪುಟ್ಟಿಗೆ, ನಿನ್ನ ಮೀಸೆ ಮಾವನ ಆಶೀರ್ವಾದಗಳು.

ಒಂದು ಕಾಲಕ್ಕೆ ನಾನು ದಿಟ್ಟಿಸಿ ನೋಡಿದರೆ ಹುಲಿಯೂ ನಿಂತಲ್ಲೇ ತೂಕಡಿಸುತ್ತಿತ್ತು. ಅಂಥವನಿಗೆ ಸಮ್ಮೋಹನ ಮಾಡುವವರು ಯಾರಿದ್ದಾರೆ ಎಂದು ನಗುತ್ತಲೇ, ನೀನು ಹೇಳಿದ ಸಮ್ಮೋಹನ ಚಿಕಿತ್ಸೆಯ ಡಾಕ್ಟರಮ್ಮನ ಬಳಿ ಸಿಗರೇಟು ಬಿಡಲು ಹೋದೆ. ಐದು ತಿಂಗಳಾದರೂ ಬಿಡಿಸಲಿಲ್ಲವೆಂದು ನೀನೀಗ ಅವರ ಮೇಲೆ ದೂರು ಕೊಡಲು ಹೊರಟಿದ್ದೀಯ. ಕೊಡಬೇಡ ಮಗಳೇ.

ಮೂರನೇ ಗುರುವಾರಕ್ಕೇ ನಾನು ಬಿಟ್ಟಾಗಿತ್ತು. ಆಮೇಲೆ ವಾರಕ್ಕೊಂದು ಸಿಗರೇಟು ಹಚ್ಚಿ, ಸೇದದೆ, ಅಂಗಿಯನ್ನು ಅದರ ಹೊಗೆಗೆ ಹಿಡಿದು ತೊಟ್ಟುಕೊಂಡು ಹೋಗುತ್ತಿದ್ದೆ. ಗುಣವಾದವನಿಗೆ ಅವರು ಮತ್ತೆ ಬಾ ಎನ್ನುವುದಿಲ್ಲ ನೋಡು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರೆ, "ಭುಜ ಸಡಿಲ ಬಿಡಿ ಸಾರ್, ಏನೂ ಅವಸರ ಇಲ್ಲ, ನಾನು ಇಲ್ಲೇ ಇದೀನಿ" ಎನ್ನುತ್ತಾರೆ. ನಿನ್ನ ಅತ್ತೆ ತೀರಿಕೊಂಡ ಮೇಲೆ ನನಗೆ ಹಾಗೆ ಯಾರೂ ಹೇಳಿರಲಿಲ್ಲ.

ಮೊನ್ನೆ ಅವರು, "ನನ್ನ ಕೈಲಿ ಆಗ್ಲಿಲ್ಲ ಸಾರ್, ಬೇರೆಯವರ ಹತ್ರ ಕಳಿಸ್ತೀನಿ" ಎಂದು ಮುಖ ಸಪ್ಪಗೆ ಮಾಡಿಕೊಂಡರು. ಇಷ್ಟು ಮಾತಾಡುವ ನಾನು ಬರೀ "ಆಗಲಿ" ಎಂದು ಎದ್ದು ಬಂದುಬಿಟ್ಟೆ. ನೀನೇ ಫೋನ್ ಮಾಡಿ, ಅವರ ಚಿಕಿತ್ಸೆ ಗೆದ್ದಿದೆ ಎಂದು ಹೇಳು. ಬೈದರೆ ಬೈಸಿಕೊಳ್ಳುತ್ತೇನೆ.

ನನ್ನ ಮಾತಿಗೆ ಮರುಳಾಗಿ ಅವರು ಫೀಸೇ ಮುಟ್ಟುವುದಿಲ್ಲ ಎಂದು ನಿನ್ನ ಮುಂದೆ ಕೊಚ್ಚಿಕೊಂಡಿದ್ದೆನಲ್ಲ, ಅದು ಸುಳ್ಳು. ಗುಣವಾದ ಮೇಲೆ ಹೋದದ್ದೇ ಹದಿನೆಂಟು ಗುರುವಾರ. ಹನ್ನೆರಡು ಸಾವಿರದ ಆರುನೂರು ರೂಪಾಯಿ.

ಇತಿ,
ನಿನ್ನ ಮಾವ